ಎತ್ತು ಏರಿಗೆ, ಕೋಣ ನೀರಿಗೆ

'ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು' ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಒಂದೇ ನೊಗಕ್ಕೆ ಎತ್ತನ್ನೂ ಕೋಣನನ್ನೂ ಹೂಡಿದರೆ ಉಳುಮೆ ಸಾಗುವುದಿಲ್ಲ. ಒಂದಕ್ಕೆ ಒಣನೆಲ ಬೇಕು, ಇನ್ನೊಂದಕ್ಕೆ ಕೆಸರು ಬೇಕು. ಹೊಂದಾಣಿಕೆಯಿಲ್ಲದ ಮನೆಮಂದಿಯನ್ನು ಕಂಡಾಗ ಹಿರಿಯರು ಈ ಮಾತನ್ನು ಆಡುವುದುಂಟು. ಗಾದೆಯ ವಿಸ್ತರಣೆಗೆಂದು ನಾನೇ ಎಷ್ಟೋ ಸಲ ತರಗತಿಯಲ್ಲಿ ಇದನ್ನು ಕೊಟ್ಟಿದ್ದೇನೆ. ಆದರೆ ಆ ಎತ್ತೂ ಕೋಣವೂ ಒಂದೇ ಮಗುವಿನ ಮನಸ್ಸಿನೊಳಗೆ ಒಂದೇ ನೊಗ ಹೊತ್ತು ನಿಂತಿರಬಹುದೆಂಬ ವಿಚಾರ ನನಗೆ ಹೊಳೆದುದು ಬಹಳ ತಡವಾಗಿ. ಆ ತಡಕ್ಕೆ ಬೆಲೆ ತೆತ್ತವನು ಒಬ್ಬ ಹುಡುಗ. ಆದುದರಿಂದ ಈ ವರ್ಷದ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಬೇರೆ ವಿಷಯವನ್ನು ಹುಡುಕಲು ಮನಸ್ಸಾಗಲಿಲ್ಲ.

ಅನೇಕ ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಶಾಲೆಯಲ್ಲಿದ್ದೆ. ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದು ಸೇರಿದ. ಅವನ ಹೆಸರು ಇಲ್ಲಿ ಬೇಡ. ಐದು ನಿಮಿಷ ಒಂದೆಡೆ ಕುಳಿತವನಲ್ಲ. ಪೆನ್ಸಿಲು ಬೀಳಿಸುವುದು, ಹೆಕ್ಕುವುದು, ಮತ್ತೆ ಬೀಳಿಸುವುದು. ಪಾಠದ ನಡುವೆ ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲುವುದು. ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಡುವುದು. ವಾರಕ್ಕೊಂದು ಕೊಡೆ ಕಳೆಯುವುದು. ಇಷ್ಟೇ ಆಗಿದ್ದರೆ ತುಂಟನೆಂದು ನಕ್ಕು ಬಿಡುತ್ತಿದ್ದೆವೋ ಏನೋ. ಆದರೆ ಅದೇ ಹುಡುಗನಿಗೆ ಮೂರನೆಯ ಬೆಂಚಿನ ಗೋಡೆಬದಿಯ ಜಾಗವೇ ಆಗಬೇಕು. ಅಲ್ಲಿ ಇನ್ನೊಬ್ಬ ಕುಳಿತನೆಂದರೆ ಹದಿಮೂರು ವರ್ಷದ ಹುಡುಗ ಸಣ್ಣ ಮಗುವಿನಂತೆ ಅಳುತ್ತಿದ್ದ. ಗಂಟೆ ಬಾರಿಸಿದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಮಧ್ಯಾಹ್ನದ ಊಟದಲ್ಲಿ ಪಲ್ಯ ಅನ್ನಕ್ಕೆ ತಾಗಿತೆಂದರೆ ಬಟ್ಟಲನ್ನು ದೂರ ಸರಿಸುತ್ತಿದ್ದ. ಮಾತನಾಡಿಸಿದರೆ ಮುಖ ನೋಡುತ್ತಿರಲಿಲ್ಲ.

ಒಂದೇ ಒಂದು ವಿಷಯದಲ್ಲಿ ಅವನು ಬೇರೆಯೇ ಹುಡುಗ. ಅದು ಸುರಂಗ. ನೀರಿಗಾಗಿ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆಯುವ ಸುರಂಗಗಳು ನಮ್ಮ ಊರುಗಳಿಗೆ ಹೊಸತಲ್ಲ. ಅವನ ಊರಿನ ಯಾವ ಸುರಂಗ ಎಷ್ಟು ಕೋಲು ಉದ್ದ, ಯಾವುದರಲ್ಲಿ ಎಪ್ರಿಲ್ ಮುಗಿದರೂ ನೀರಿನ ಹನಿ ನಿಲ್ಲುವುದಿಲ್ಲ, ಯಾವುದು ಎಲ್ಲಿ ತಿರುಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕೇಳುವವನಿಗೆ ಬೇಕೋ ಬೇಡವೋ ಎಂಬ ಪರಿವೆಯಿಲ್ಲದೆ ಅರ್ಧ ಗಂಟೆ ಹೇಳುತ್ತಿದ್ದ. ಆಗ ಅವನ ಕೈಕಾಲು ಅಲ್ಲಾಡುತ್ತಿರಲಿಲ್ಲ, ಮನಸ್ಸು ಓಡುತ್ತಿರಲಿಲ್ಲ. 'ಸುರಂಗಕ್ಕೆ ಇರುವ ಗಮನ ಪಾಠಕ್ಕೆ ಯಾಕಿಲ್ಲ? ಇದು ಸೋಮಾರಿತನವೇ ಸರಿ' ಎಂದು ನಾವು ತೀರ್ಮಾನಿಸಿದೆವು.

ಒಂದು ದಿನ ಪರೀಕ್ಷೆಗಾಗಿ ನಾನು ಮಕ್ಕಳ ಜಾಗಗಳನ್ನು ಬದಲಿಸಿದೆ. ಅವನು ಏಳಲಿಲ್ಲ. ಗದರಿದೆ. ಅವನು ಕಿರುಚಿದ. ಜಗಲಿಯಲ್ಲಿ ನಿಲ್ಲಿಸಿ, ಇಡೀ ತರಗತಿ ಕೇಳುವಂತೆ, "ನಿನ್ನಂಥವನಿಗೆ ಶಾಲೆ ಯಾಕೆ?" ಎಂದೆ. ಸಿಟ್ಟಿನಲ್ಲಿ ಆಡಿದ ಮಾತು. ಬೇರೆ ಮಕ್ಕಳಾದರೆ ಸಂಜೆಯೊಳಗೆ ಮರೆಯುತ್ತಿದ್ದರು. ಅವನು ಅದನ್ನು ನಿಜವಾದ ಪ್ರಶ್ನೆಯೆಂದೇ ತಿಳಿದ. ಮನೆಗೆ ಹೋಗಿ ತಾಯಿಯಲ್ಲಿ, "ಅಮ್ಮಾ, ನನಗೆ ಶಾಲೆ ಯಾಕೆ?" ಎಂದು ಕೇಳಿದನಂತೆ. ತಾಯಿ ಕೊಟ್ಟ ಉತ್ತರ ಅವನಿಗೆ ಒಪ್ಪಿಗೆಯಾಗಲಿಲ್ಲ. ಬರುವುದು ಕಡಿಮೆಯಾಯಿತು, ವಾರ್ಷಿಕ ಪರೀಕ್ಷೆಯ ಹೊತ್ತಿಗೆ ನಿಂತೇ ಹೋಯಿತು. ಆ ತಾಯಿ ಒಮ್ಮೆ ಶಾಲೆಗೆ ಬಂದು, "ಟೀಚರೇ, ನನ್ನಿಂದ ಏನು ತಪ್ಪಾಯಿತೆಂದು ಗೊತ್ತಾಗುವುದಿಲ್ಲ. ಇವನ ಅಕ್ಕ ಹೀಗಿಲ್ಲವಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಟಿಸಂ ಮತ್ತು ಎ.ಡಿ.ಎಚ್.ಡಿ. ಎಂಬ ಎರಡು ಹೆಸರುಗಳನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಇವೆರಡೂ ಅಂಟುವ ರೋಗಗಳಲ್ಲ, ಹುಚ್ಚಂತೂ ಅಲ್ಲವೇ ಅಲ್ಲ. ಮಿದುಳು ಬೆಳೆಯುವ ಕ್ರಮದಲ್ಲಿ ಹುಟ್ಟಿನಿಂದಲೇ ಇರುವ ಭಿನ್ನತೆಗಳು ಇವು. ಆಟಿಸಂ ಇರುವವರಿಗೆ ಇತರರ ಮುಖಭಾವ, ಸೂಚನೆ, ಹಾಸ್ಯ, ಒಳಮಾತು ಇವುಗಳನ್ನು ಅರಿಯುವುದು ಕಷ್ಟ. ನಿತ್ಯದ ಕ್ರಮ ತಪ್ಪಿದರೆ ಕಳವಳ. ಶಬ್ದ, ಬೆಳಕು, ವಾಸನೆ, ಬಟ್ಟೆಯ ಸ್ಪರ್ಶ ಕೆಲವರಿಗೆ ಸಹಿಸಲಾರದಷ್ಟು ತೀಕ್ಷ್ಣ. ಯಾವುದಾದರೊಂದು ವಿಷಯದಲ್ಲಿ ಆಳವಾದ ಆಸಕ್ತಿ. ಎ.ಡಿ.ಎಚ್.ಡಿ. ಎಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆ. ನಿಜವಾಗಿ ನೋಡಿದರೆ ಅಲ್ಲಿ ಗಮನ ಇಲ್ಲದೆ ಇಲ್ಲ, ಅದಕ್ಕೆ ಕಡಿವಾಣ ಇಲ್ಲ. ಮನಸ್ಸಿಗೆ ಹಿಡಿಸಿದ್ದರಲ್ಲಿ ಮುಳುಗಿಬಿಡುತ್ತದೆ. ಹಿಡಿಸದಿದ್ದರೆ ಎಷ್ಟು ಬಲವಂತ ಮಾಡಿದರೂ ನಿಲ್ಲುವುದಿಲ್ಲ. ಸುರಂಗದ ಹುಡುಗನ ರಹಸ್ಯ ಇದೇ ಆಗಿತ್ತು.

ಇವುಗಳ ಚರಿತ್ರೆಯನ್ನು ನೋಡಿದರೆ ನಮ್ಮ ಅಜ್ಞಾನಕ್ಕೆ ಸ್ವಲ್ಪ ಸಮಾಧಾನ ಸಿಗುತ್ತದೆ. ಬುದ್ಧಿಯಿದ್ದೂ ಗಮನ ಮತ್ತು ನಡತೆಯನ್ನು ಹಿಡಿತದಲ್ಲಿಡಲಾರದ ಮಕ್ಕಳ ಬಗ್ಗೆ ಜಾರ್ಜ್ ಸ್ಟಿಲ್ ಎಂಬ ವೈದ್ಯರು ಲಂಡನಿನಲ್ಲಿ ಉಪನ್ಯಾಸ ಕೊಟ್ಟುದು 1902ರಲ್ಲಿ. ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳನ್ನು ಪರಿಶೀಲಿಸಿ ಆಟಿಸಂ ಕುರಿತು ತಮ್ಮ ಪ್ರಸಿದ್ಧ ಲೇಖನ ಬರೆದುದು 1943ರಲ್ಲಿ. ಅದಕ್ಕೂ ಮೊದಲೇ, 1920ರ ದಶಕದಲ್ಲಿ, ರಷ್ಯಾದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ಇಂತಹ ಮಕ್ಕಳನ್ನು ವರ್ಣಿಸಿದ್ದರು. ಆಮೇಲೆ ದೀರ್ಘಕಾಲ, ತಾಯಿ ಮಗುವನ್ನು ಪ್ರೀತಿಸದೆ ಇದ್ದುದೇ ಆಟಿಸಂಗೆ ಕಾರಣವೆಂಬ ಕ್ರೂರವಾದ ಮಾತು ವಿದ್ವಾಂಸರ ನಡುವೆಯೂ ಚಲಾವಣೆಯಲ್ಲಿತ್ತು. 1977ರಲ್ಲಿ ಅವಳಿ ಮಕ್ಕಳನ್ನು ಕುರಿತು ನಡೆದ ಅಧ್ಯಯನವು ವಂಶವಾಹಿಗಳ ಪಾತ್ರವನ್ನು ತೋರಿಸಿದ ನಂತರ ಆ ಮಾತಿನ ಬಲ ಕುಂದಿತು. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: 'ನಿಮ್ಮಿಂದ ಏನೂ ತಪ್ಪಾಗಿಲ್ಲ ಅಮ್ಮ.'

ಇನ್ನೊಂದು ಸಂಗತಿ ಇದಕ್ಕಿಂತಲೂ ಆಶ್ಚರ್ಯದ್ದು. ಜಗತ್ತಿನ ಅನೇಕ ವೈದ್ಯರು ಅನುಸರಿಸುವ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯು, ಆಟಿಸಂ ಇರುವ ಮಗುವಿಗೆ ಎ.ಡಿ.ಎಚ್.ಡಿ. ಕೂಡ ಇದೆಯೆಂದು ಬರೆಯಲು 2013ರ ತನಕ ಅವಕಾಶವನ್ನೇ ಕೊಟ್ಟಿರಲಿಲ್ಲ. ಒಂದಿದ್ದರೆ ಇನ್ನೊಂದು ಇಲ್ಲ ಎಂಬುದು ನಿಯಮ. 2013ರ ಐದನೆಯ ಆವೃತ್ತಿಯಲ್ಲಿ ಆ ನಿಯಮವನ್ನು ಕೈಬಿಟ್ಟರು. ಎರಡೂ ಜೊತೆಯಾಗಿ ಇರುವುದು ಅಪರೂಪವಲ್ಲ ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಆಟಿಸಂ ಇರುವ ನಾಲ್ವರಲ್ಲಿ ಒಬ್ಬರಿಂದ ಹಿಡಿದು ಇಬ್ಬರಲ್ಲಿ ಒಬ್ಬರ ತನಕ ಎ.ಡಿ.ಎಚ್.ಡಿ. ಕೂಡ ಇರುತ್ತದೆಂದು ಬೇರೆ ಬೇರೆ ಅಧ್ಯಯನಗಳು ಲೆಕ್ಕ ಕೊಡುತ್ತವೆ. ಪಂಡಿತರಿಗೇ ಇಷ್ಟು ಕಾಲ ಹಿಡಿದ ಮೇಲೆ ಹಳ್ಳಿಯ ಶಾಲೆಯ ಅಧ್ಯಾಪಕರಿಗೆ ತಿಳಿಯದೆ ಹೋದುದು ಸೋಜಿಗವಲ್ಲ. ಆದರೆ ತಿಳಿದ ಮೇಲೂ ಹಳೆಯ ಬೆತ್ತವನ್ನೇ ಹಿಡಿದರೆ ಅದಕ್ಕೆ ಕ್ಷಮೆ ಇರಲಾರದು.

ಎರಡೂ ಕೂಡಿದಾಗ ಏನಾಗುತ್ತದೆ? ಗಾದೆಯನ್ನು ಈಗ ನೆನಪಿಸಿಕೊಳ್ಳಿರಿ. ಎತ್ತಿಗೆ ದಿನವೂ ಅದೇ ದಾರಿ, ಅದೇ ಹೊತ್ತು, ಅದೇ ಜಾಗ ಬೇಕು. ಕೋಣ ಮಾತ್ರ ನಿತ್ಯವೂ ಹೊಸತನ್ನು ಹುಡುಕುತ್ತದೆ, ಕಂಡಲ್ಲಿಗೆ ನುಗ್ಗುತ್ತದೆ. ಮಗುವಿಗೆ ವೇಳಾಪಟ್ಟಿ ಬೇಕೇ ಬೇಕು, ಆದರೆ ಅದನ್ನು ಪಾಲಿಸುವ ಶಕ್ತಿ ಇಲ್ಲ. ಸದ್ದು ಆಗುವುದಿಲ್ಲ, ಆದರೆ ತಾನೇ ಬೆಂಚು ಬಡಿದು ಸದ್ದು ಮಾಡುತ್ತದೆ. ಗೆಳೆಯರು ಬೇಕು, ಆದರೆ ಆಟದ ನಡುವೆ ನುಗ್ಗಿ ನಿಯಮ ಹೇಳಿ ಜಗಳ ತರುತ್ತದೆ. ಪುಸ್ತಕ ಇಟ್ಟ ಜಾಗದಲ್ಲೇ ಇರಬೇಕು, ಆದರೆ ಇಟ್ಟ ಜಾಗವೇ ಮರೆತುಹೋಗುತ್ತದೆ. ಹೊರಗೆ ನೋಡುವವರಿಗೆ ಇದು ಹಟದಂತೆ ಕಾಣುತ್ತದೆ. ಒಳಗೆ ಆ ಮಗು ದಿನವಿಡೀ ಎರಡು ಕಡೆಯ ಎಳೆತವನ್ನು ತಾಳಿಕೊಂಡು ಸಂಜೆಯ ಹೊತ್ತಿಗೆ ಸೋತು ಹೋಗಿರುತ್ತದೆ. ಶಾಲೆಯಲ್ಲಿ ಹೇಗೋ ತಡೆದುಕೊಂಡ ಮಗು ಮನೆಯ ಮೆಟ್ಟಿಲು ಹತ್ತಿದೊಡನೆ ಅತ್ತು ರಂಪ ಮಾಡುವುದು ಈ ಆಯಾಸದಿಂದ.

ಒಂದು ಉದಾಹರಣೆ ಕೊಡುತ್ತೇನೆ. ಆಟಿ ತಿಂಗಳ ಮಳೆಗೆ ಜಿಲ್ಲಾಧಿಕಾರಿಗಳು ರಾತ್ರಿ ರಜೆ ಸಾರುವುದು ನಿಮಗೆಲ್ಲ ಹಬ್ಬ. ಇಂತಹ ಮಗುವಿಗೆ ಅದು ಆಘಾತ. ಮಂಗಳವಾರ ಎಂದರೆ ಮೊದಲನೆಯ ಪೀರಿಯಡು ಕನ್ನಡ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡ ದಿನ ಒಮ್ಮೆಲೇ ಕುಸಿದು ಬೀಳುತ್ತದೆ. ಆದರೆ ಮನೆಯಲ್ಲಿ ಕುಳಿತರೆ ಅರ್ಧ ಗಂಟೆಯೊಳಗೆ ಬೇಸರ, ಚಡಪಡಿಕೆ. ರಜೆಯೂ ಬೇಡ, ಶಾಲೆಯಲ್ಲಿ ಕುಳಿತಿರುವುದೂ ಬೇಡ. ಕಲೋತ್ಸವದ ಧ್ವನಿವರ್ಧಕಗಳೂ ಹಾಗೆಯೇ. ವೇದಿಕೆಯ ಹತ್ತಿರ ಹೋಗುವ ಆಸೆ, ಹೋದರೆ ಕಿವಿ ಒಡೆಯುವ ಸಂಕಟ.

ಆಟಿಸಂನ ಕಷ್ಟ ನನಗೆ ಮನದಟ್ಟಾದುದು ಬೇರೊಂದು ರೀತಿಯಲ್ಲಿ. ನಮ್ಮಲ್ಲಿ ಹೆಚ್ಚಿನವರಂತೆ ನಾನೂ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮುಂದಿನ ಓದಿನಲ್ಲಿ ಮಲಯಾಳ ಹೀಗೆ ಬೆಳೆದವಳು. ಒಮ್ಮೆ ಅಧ್ಯಾಪಕರ ತರಬೇತಿ ಶಿಬಿರವೊಂದರಲ್ಲಿ ತೆಂಕಣ ಜಿಲ್ಲೆಯಿಂದ ಬಂದ ಸಂಪನ್ಮೂಲ ವ್ಯಕ್ತಿಗಳು ವೇಗದ ಮಲಯಾಳದಲ್ಲಿ ಏನೋ ತಮಾಷೆ ಹೇಳಿದರು. ಎಲ್ಲರೂ ನಕ್ಕರು. ನಾನು ಒಂದು ಕ್ಷಣ ತಡವಾಗಿ, ಇತರರ ಮುಖ ನೋಡಿ ನಕ್ಕೆ. ಮಾತೆಲ್ಲ ಅರ್ಥವಾಗಿತ್ತು, ನಗು ಎಲ್ಲಿತ್ತೆಂದು ಮಾತ್ರ ತಿಳಿಯಲಿಲ್ಲ. ಸಂಜೆಯಾಗುವಾಗ ತಲೆನೋವು. ದಿನವಿಡೀ ತನ್ನ ತಾಯ್ನುಡಿಯಲ್ಲೇ ಹೀಗಾಗುವ ಮಗುವಿನ ಪಾಡೇನು ಎಂದು ಅಂದು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಆ ಶಿಬಿರದ ವಿಷಯ ವಿಶೇಷ ಅಗತ್ಯಗಳುಳ್ಳ ಮಕ್ಕಳ ಶಿಕ್ಷಣ. ಸುರಂಗದ ಹುಡುಗನ ಮುಖ ಅಂದು ನನ್ನ ಕಣ್ಣ ಮುಂದೆ ಬಂದಿತು.

ಇನ್ನು ನಮ್ಮೂರಿನಲ್ಲಿ ಹಬ್ಬಿರುವ ಕೆಲವು ತಪ್ಪು ತಿಳುವಳಿಕೆಗಳನ್ನು ಹೇಳಲೇಬೇಕು. ಮುದ್ದು ಹೆಚ್ಚಾಗಿ ಹೀಗಾಯಿತು, ಪೆಟ್ಟು ಕಡಿಮೆಯಾಗಿ ಹೀಗಾಯಿತು ಎಂಬ ಎರಡು ಮಾತುಗಳೂ ಸುಳ್ಳು. ಮೊಬೈಲ್ ಫೋನು ನಿದ್ರೆಯನ್ನೂ ಗಮನವನ್ನೂ ಕೆಡಿಸುವುದು ನಿಜ. ಆದರೆ ಕ್ಯಾನರ್ ಬರೆದ 1943ರಲ್ಲಿ ಮೊಬೈಲ್ ಇರಲಿಲ್ಲ. ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಪ್ರಕಟವಾದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಲಸಿಕೆಯನ್ನು ತಪ್ಪಿಸಬೇಡಿರಿ. ದೈವದೇವರಿಗೆ ಕೈ ಮುಗಿಯುವುದು ಅವರವರ ಭಕ್ತಿ. ಆದರೆ ಇದು ಯಾರದೋ ಶಾಪವೆಂದು ಮಗುವಿನ ಎದುರು ಹೇಳಬೇಡಿರಿ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ ಇದ್ದು ಶಾಲೆಯಲ್ಲಿ ಪುಸ್ತಕದ ಕನ್ನಡ ಇರುವುದರಿಂದ ಮಗು ಗೊಂದಲಗೊಂಡಿದೆ, ಮನೆಮಾತು ಬಿಟ್ಟು ಒಂದೇ ಭಾಷೆ ಆಡಿರಿ ಎಂದು ಸಲಹೆ ಕೊಡುವವರಿದ್ದಾರೆ. ಎರಡು ಮೂರು ಭಾಷೆಗಳ ಸಹವಾಸದಿಂದ ಆಟಿಸಂ ಬರುವುದೂ ಇಲ್ಲ, ಹೆಚ್ಚುವುದೂ ಇಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅಜ್ಜಿಯ ಮಾತನ್ನು ಮಗುವಿನಿಂದ ಕಿತ್ತುಕೊಂಡರೆ ಅಜ್ಜಿಯನ್ನೇ ಕಿತ್ತುಕೊಂಡಂತೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ನಮ್ಮ ಎಷ್ಟೋ ಮನೆಗಳಿಗೆ ತಂದ ದುಃಖವನ್ನು ನಾವು ಮರೆಯುವಂತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆದ ನಂತರವೂ ಆ ಮನೆಗಳ ಹೋರಾಟ ಮುಗಿದಿಲ್ಲ. ಆದರೆ ಭಿನ್ನವಾಗಿರುವ ಪ್ರತಿಯೊಂದು ಮಗುವನ್ನೂ ಅದೇ ಪಟ್ಟಿಗೆ ಸೇರಿಸಿ 'ಇನ್ನೇನೂ ಮಾಡುವಂತಿಲ್ಲ' ಎಂದು ಕೈಚೆಲ್ಲುವುದು ತಪ್ಪು. ಆ ವಿಷ ಬೀಳದ ದೇಶಗಳಲ್ಲಿಯೂ ಆಟಿಸಂ ಮತ್ತು ಎ.ಡಿ.ಎಚ್.ಡಿ. ಇರುವ ಮಕ್ಕಳು ಹುಟ್ಟುತ್ತಾರೆ. ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಏನಾದರೂ ಮಾಡುವುದಕ್ಕೆ ದಾರಿ ಖಂಡಿತ ಉಂಟು.

ಆ ದಾರಿ ಯಾವುದು? ಶಾಲೆಯ ಮೂಲಕ ಬಿ.ಆರ್.ಸಿ.ಯ ವಿಶೇಷ ಶಿಕ್ಷಕರನ್ನು ಕಾಣಬಹುದು. ಮಂಜೇಶ್ವರ, ಕುಂಬಳೆ, ಕಾಸರಗೋಡು ಸೇರಿದಂತೆ ಪ್ರತಿ ಉಪಜಿಲ್ಲೆಯಲ್ಲಿಯೂ ಬಿ.ಆರ್.ಸಿ. ಇದೆ. ಸರಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರಲ್ಲಿಯೂ ಮನೋವೈದ್ಯರಲ್ಲಿಯೂ ಕೇಳಬಹುದು. ಕನ್ನಡದಲ್ಲೇ ಪರೀಕ್ಷೆ ಆಗಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಎ.ಡಿ.ಎಚ್.ಡಿ.ಗೆ ಮದ್ದು ಉಂಟು; ಆದರೆ ಅದು ವೈದ್ಯರ ನಿಗಾದಲ್ಲೇ ಆಗಬೇಕು. ಎರಡೂ ಇರುವ ಮಕ್ಕಳಲ್ಲಿ ಮದ್ದಿನ ಅಡ್ಡಪರಿಣಾಮ ಹೆಚ್ಚಿರಬಹುದಾದುದರಿಂದ ಸಣ್ಣ ಪ್ರಮಾಣದಿಂದ ಆರಂಭಿಸಿ ನೋಡುತ್ತಾರೆ. ಆಟಿಸಂನ್ನು ಇಲ್ಲವಾಗಿಸುವ ಮದ್ದು ಇಲ್ಲ. ಇದೆ ಎಂದು ಹಣ ಕೇಳುವವರನ್ನು ನಂಬಬೇಡಿರಿ.

ಕಾನೂನಿನ ಬಗ್ಗೆ ನನಗೊಂದು ತಕರಾರು ಇದೆ. ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಸೇರಿರಲಿಲ್ಲ. 2016ರ ಹೊಸ ಕಾಯಿದೆ 21 ಬಗೆಯ ವಿಕಲತೆಗಳನ್ನು ಹೆಸರಿಸಿ ಆಟಿಸಂನ್ನೂ ಕಲಿಕೆಯ ನಿರ್ದಿಷ್ಟ ತೊಡಕುಗಳನ್ನೂ ಸೇರಿಸಿಕೊಂಡಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮೊದಲಾದ ಸೌಕರ್ಯಗಳ ಮಾತು ಅದರ 17ನೆಯ ವಿಧಿಯಲ್ಲಿದೆ. ನಾಲ್ಕು ಭಾಷೆಗಳ ನಡುವೆ ಈಜುವ ನಮ್ಮ ಗಡಿನಾಡಿನ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ಆ 21ರಲ್ಲಿ ಎ.ಡಿ.ಎಚ್.ಡಿ. ಇಲ್ಲ. ಎರಡೂ ಇರುವ ಮಗುವಿನ ಎತ್ತಿಗೆ ಪ್ರಮಾಣಪತ್ರ ಸಿಗುತ್ತದೆ, ಕೋಣನಿಗೆ ಇಲ್ಲ. ಕಾಗದದ ಮೇಲೆ ಅರ್ಧ ಮಗು ಮಾತ್ರ ಇದೆ! ಉಳಿದ ಅರ್ಧವನ್ನು ಕಾಣುವ ಹೊಣೆ ನಮ್ಮದು, ಅಂದರೆ ಮನೆಯದು ಮತ್ತು ಶಾಲೆಯದು. ಹಾಗೆಯೇ, ಕನ್ನಡ ಮಾಧ್ಯಮದ ಮಗುವನ್ನು ಅದು ಆಡದ ಭಾಷೆಯಲ್ಲಿ ಪ್ರಶ್ನಿಸಿ 'ಮಾತು ಬರುವುದಿಲ್ಲ' ಎಂದು ಬರೆಯುವ ಪ್ರಸಂಗ ಬಾರದಂತೆ ಹೆತ್ತವರು ಎಚ್ಚರವಾಗಿರಬೇಕು. ಮನೆಮಾತು ಬಲ್ಲವರು ಜೊತೆಗಿರಲೆಂದು ಕೇಳಲು ಸಂಕೋಚಪಡಬೇಡಿರಿ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ನಾವು ಸಭೆಗಳಲ್ಲಿ ಮಾತನಾಡುತ್ತೇವೆ. ತನ್ನ ಭಾಷೆಯಲ್ಲಿ ಪರೀಕ್ಷಿಸಲ್ಪಡುವುದೂ ಆ ಹಕ್ಕುಗಳಲ್ಲಿ ಒಂದೆಂದು ನಾನು ತಿಳಿದಿದ್ದೇನೆ.

ಇಷ್ಟು ಓದಿದ ಹೆತ್ತವರಲ್ಲಿ ಕೆಲವರು ಹೀಗೆ ಕೇಳಬಹುದು: 'ಒಬ್ಬ ಮಗುವಿಗಾಗಿ ಉಳಿದ ನಲವತ್ತು ಮಕ್ಕಳ ಪಾಠ ಕೆಡಬೇಕೇ? ಅಂಥವರಿಗೆಂದೇ ಬೇರೆ ಶಾಲೆಗಳಿಲ್ಲವೇ?' ನ್ಯಾಯವಾದ ಪ್ರಶ್ನೆಯೇ. ನಿರಂತರ ಆರೈಕೆ ಬೇಕಾದ ಮಕ್ಕಳಿಗೆ ಪಂಚಾಯತುಗಳ ಬಡ್ಸ್ ಶಾಲೆಗಳು ದೊಡ್ಡ ಆಸರೆ. ಆದರೆ ನಾನು ಹೇಳುತ್ತಿರುವ ಮಕ್ಕಳಲ್ಲಿ ಅನೇಕರಿಗೆ ಓದುವ ಬುದ್ಧಿ ಇದೆ. ಅವರು ಕೇಳುವುದು ಸಣ್ಣ ಸಣ್ಣ ಅನುಕೂಲಗಳನ್ನು ಮಾತ್ರ. ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ಅದನ್ನು ಕರಿಹಲಗೆಯಲ್ಲಿ ಬರೆಯುವುದು. ದಿನದ ಕ್ರಮ ಬದಲಾಗುವುದಾದರೆ ಮೊದಲೇ ತಿಳಿಸುವುದು. ದೊಡ್ಡ ಕೆಲಸವನ್ನು ತುಂಡು ತುಂಡಾಗಿ ಕೊಡುವುದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಚಾಕ್ ತರಲು, ಹಾಜರಿ ಪುಸ್ತಕ ಕೊಡಲು ಕಳುಹಿಸಿ ಕಾಲಿಗೆ ಕೆಲಸ ಕೊಡುವುದು. 'ನನ್ನ ಮುಖ ನೋಡಿ ಉತ್ತರ ಹೇಳು' ಎಂದು ಒತ್ತಾಯಿಸದಿರುವುದು. ಸದ್ದು ತಾಳಲಾರದಾಗ ವಾಚನಾಲಯದ ಮೂಲೆಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಲು ಬಿಡುವುದು. ಇವುಗಳಲ್ಲಿ ಯಾವುದಕ್ಕೂ ಹಣ ಬೇಡ. ಇವುಗಳಿಂದ ಆ ನಲವತ್ತು ಮಕ್ಕಳ ಪಾಠ ಕೆಡುವುದಿಲ್ಲ. ಸೂಚನೆಯನ್ನು ಕರಿಹಲಗೆಯಲ್ಲಿ ಬರೆಯತೊಡಗಿದ ಮೇಲೆ ನನ್ನ ತರಗತಿಯಲ್ಲಿ 'ಟೀಚರ್, ಯಾವ ಪಾಠ? ಎಷ್ಟು ಪ್ರಶ್ನೆ?' ಎಂದು ಕೇಳುವವರು ಎಲ್ಲ ಬೆಂಚುಗಳಲ್ಲಿಯೂ ಕಡಿಮೆಯಾದರು. ಕೆಲವು ದಿನ ಎಷ್ಟು ಮಾಡಿದರೂ ಫಲ ಕಾಣುವುದಿಲ್ಲ, ತಾಳ್ಮೆ ತಪ್ಪುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ಪೆಟ್ಟು ಮತ್ತು ಅವಮಾನ ದಾರಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನನ್ನ ಆ ಒಂದು ಮಾತು ಎರಡನೆಯ ಜಾತಿಗೆ ಸೇರಿದುದು.

ಇನ್ನು ಕೆಲವರು ಹೆಸರಿಗೇ ಹೆದರುತ್ತಾರೆ. 'ಡಾಕ್ಟರು ಹಾಗೆ ಬರೆದರೆ ನಾಳೆ ಇವನ ಅಕ್ಕನ ಮದುವೆಗೆ ತೊಂದರೆಯಾದೀತು' ಎಂಬ ಪಿಸುಮಾತನ್ನು ನಾನು ಕೇಳಿದ್ದೇನೆ. ಆ ಹೆದರಿಕೆ ಸುಳ್ಳೆನ್ನಲಾರೆ. ನಮ್ಮ ಸಮಾಜ ಹಾಗಿದೆ. ಆದರೆ ಹೆಸರಿಡದೆ ಬಿಟ್ಟರೆ ಮಗುವಿಗೆ ಹೆಸರಿಲ್ಲದೆ ಹೋಗುವುದಿಲ್ಲ. ಊರು ತಾನೇ ಹೆಸರಿಡುತ್ತದೆ: ಮಂಡೆ ಸಮ ಇಲ್ಲದವನು, ಪೋಕರಿ, ಸೋಮಾರಿ, ಅಹಂಕಾರಿ. ಡಾಕ್ಟರರು ಇಡುವ ಹೆಸರು ಇವುಗಳಿಗಿಂತ ಸಾವಿರ ಪಾಲು ಮೇಲು, ಏಕೆಂದರೆ ಅದರ ಹಿಂದೆ ಒಂದು ದಾರಿ ಇರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅವರು ಇತರರನ್ನು ನೋಡಿ ನಟಿಸಿ ತಮ್ಮ ಕಷ್ಟವನ್ನು ಮುಚ್ಚಿಡುವುದು ಹೆಚ್ಚು. 'ಒಳ್ಳೆಯ ಹುಡುಗಿ, ಆದರೆ ಕನಸು ಕಾಣುತ್ತಾಳೆ' ಎಂದು ನಾವು ಬರೆದು ಕಳುಹಿಸುವ ವರದಿಯ ಹಿಂದೆ ಎಷ್ಟೋ ವರ್ಷಗಳ ಸಂಕಟ ಅಡಗಿರಬಹುದು.

ಪ್ರಿಯ ವಿದ್ಯಾರ್ಥಿಗಳೇ, ಈಗ ನಿಮ್ಮಲ್ಲಿ ಎರಡು ಮಾತು. ಇದನ್ನು ಓದಿದೊಡನೆ 'ನಮ್ಮ ತರಗತಿಯಲ್ಲಿ ಅದು ಯಾರು?' ಎಂದು ಹುಡುಕಲು ಹೊರಡಬೇಡಿರಿ. ಹುಡುಕುವ ಕೆಲಸ ವೈದ್ಯರದು. ನಿಮ್ಮ ಕೆಲಸ ಇನ್ನೂ ಸುಲಭ. ಒಬ್ಬನು ಮುಖ ನೋಡದೆ ಮಾತನಾಡಿದರೆ ಅಹಂಕಾರಿಯೆನ್ನಬೇಡಿರಿ. ಒಬ್ಬಳು ಕಿವಿ ಮುಚ್ಚಿಕೊಂಡರೆ ಬೇಕೆಂದೇ ಹತ್ತಿರ ಹೋಗಿ ಕೂಗಬೇಡಿರಿ. ತಮಾಷೆ ಅರ್ಥವಾಗದವನಿಗೆ ಇದು ತಮಾಷೆ ಎಂದು ಬಿಡಿಸಿ ಹೇಳಿರಿ. ಆಟಕ್ಕೆ ಕರೆಯುವಾಗ ನಿಯಮವನ್ನು ಮೊದಲೇ ತಿಳಿಸಿರಿ. ಒಬ್ಬನು ತನ್ನ ಮೆಚ್ಚಿನ ವಿಷಯವನ್ನೇ ಹತ್ತನೆಯ ಸಲ ಹೇಳಿದರೆ ಒಂದು ಸಲವಾದರೂ ಪೂರ್ತಿ ಕೇಳಿರಿ. ಅಮೆರಿಕದ ಟೆಂಪಲ್ ಗ್ರಾಂಡಿನ್ ಎಂಬ ಮಹಿಳೆಗೆ ಆಟಿಸಂ ಇದೆ. ಜಾನುವಾರುಗಳು ಯಾವುದಕ್ಕೆ ಹೆದರುತ್ತವೆ ಎಂಬುದನ್ನೇ ಸೂಕ್ಷ್ಮವಾಗಿ ಗಮನಿಸಿ, ಅವು ಬೆದರದೆ ಸಾಗುವಂತಹ ಬಾಗಿದ ಓಣಿಗಳನ್ನು ರೂಪಿಸಿ ಆಕೆ ಪ್ರಾಧ್ಯಾಪಕಿಯಾದರು. ಇಂತಹ ಮಕ್ಕಳೆಲ್ಲರೂ ಪ್ರತಿಭಾವಂತರಾಗಬೇಕೆಂಬ ಷರತ್ತೇನೂ ಇಲ್ಲ. ಸಾಧಾರಣ ಮಗುವಾಗಿ ಬೆಂಚಿನಲ್ಲಿ ಕುಳಿತುಕೊಳ್ಳುವ ಹಕ್ಕು ಅವರಿಗೂ ಇದೆ.

ನಿಮ್ಮಲ್ಲೇ ಯಾರಿಗಾದರೂ ಈ ಲೇಖನ ಓದುವಾಗ 'ಇದು ನನ್ನ ಕಥೆ' ಎಂದು ಅನ್ನಿಸಿದರೆ ಹೆದರಬೇಡಿರಿ. ಮನೆಯಲ್ಲಿ ಹೇಳಿರಿ, ಅಥವಾ ಯಾರೂ ಇಲ್ಲದ ಹೊತ್ತಿನಲ್ಲಿ ನನ್ನ ಮೇಜಿನ ಮೇಲೆ ಒಂದು ಚೀಟಿ ಇಡಿರಿ. ನಿಮ್ಮ ಒಪ್ಪಿಗೆಯಿಲ್ಲದೆ ತರಗತಿಯಲ್ಲಿ ಆ ಮಾತು ಏಳದು.

ಕಳೆದ ವರ್ಷ ಕಾಸರಗೋಡಿನ ಹೊಸ ಬಸ್‌ನಿಲ್ದಾಣದಲ್ಲಿ ಆ ತಾಯಿ ಸಿಕ್ಕಿದರು. ಅವರೇ ಗುರುತು ಹಿಡಿದು ಮಾತನಾಡಿಸಿದರು. ಮಂಗಳೂರಿನ ಡಾಕ್ಟರರೊಬ್ಬರು ಮಗನನ್ನು ನೋಡಿ ಎರಡೂ ಹೆಸರುಗಳನ್ನು ಹೇಳಿದರಂತೆ. ಈಗ ಅವನು ತೋಟಗಳಿಗೆ ನೀರಿನ ಪೈಪು ಹಾಕುವವರ ಜೊತೆ ಕೆಲಸಕ್ಕೆ ಹೋಗುತ್ತಾನೆ. ಯಾವ ಗುಡ್ಡೆಯಲ್ಲಿ ನೀರು ಎಲ್ಲಿದೆಯೆಂದು ಊರವರು ಅವನಲ್ಲಿ ಕೇಳುವುದುಂಟಂತೆ. "ಹತ್ತನೆಯದು ಆಗಲಿಲ್ಲ ಟೀಚರೇ, ಅದೊಂದು ಬೇಸರ" ಎಂದರು. ಸಾಕ್ಷರತಾ ಮಿಷನ್ನಿನ ತತ್ಸಮಾನ ಪರೀಕ್ಷೆಯ ವಿಷಯ ಹೇಳಿದೆ, ಬೇಕಾದರೆ ಕನ್ನಡ ನಾನೇ ಕಲಿಸುತ್ತೇನೆ ಎಂದೆ. ಅವನಿಗೆ ಮನಸ್ಸಿದೆಯೋ ಇಲ್ಲವೋ, ಕೇಳಿ ನೋಡುತ್ತೇನೆ ಎಂದು ಅವರು ಬಸ್ಸು ಹತ್ತಿದರು. ಈ ತನಕ ಉತ್ತರ ಬಂದಿಲ್ಲ. ಬಾರದಿದ್ದರೂ ದೂರುವ ಹಕ್ಕು ನನಗಿಲ್ಲ.

ಎತ್ತನ್ನೂ ಕೋಣನನ್ನೂ ಒಂದೇ ನೊಗಕ್ಕೆ ಕಟ್ಟಿ ಹುಟ್ಟಿಸಿದ್ದು ಆ ಮಗುವಿನ ತಪ್ಪಲ್ಲ, ಅದರ ತಾಯಿಯದೂ ಅಲ್ಲ. ಆದರೆ ಉಳುವವನು ಬೆತ್ತ ಕೆಳಗಿಟ್ಟು, ಎತ್ತು ಯಾವಾ​ಗ ದಣಿಯುತ್ತದೆ, ಕೋಣ ಯಾವಾಗ ಬೆದರುತ್ತದೆ ಎಂದು ತಿಳಿದು ನಡೆಸಿದರೆ, ನಿಧಾನವಾಗಿಯಾದರೂ ಗದ್ದೆಯ ಕೊನೆ ಮುಟ್ಟಬಹುದು. 'ನಿನಗೆ ಶಾಲೆ ಯಾಕೆ?' ಎಂಬ ಪ್ರಶ್ನೆಯನ್ನು ಇನ್ನು ಮುಂದೆ ನಮ್ಮ ಯಾವ ಮಗುವೂ ಕೇಳಿಸಿಕೊಳ್ಳಬಾರದು. ಕೇಳಬೇಕಾದ ಪ್ರಶ್ನೆ ಒಂದೇ: ನಿನಗೆ ಶಾಲೆ ಹೇಗಿರಬೇಕು? ಅದಕ್ಕೆ ಉತ್ತರ ಕೊಡಬೇಕಾದವರು ಹೆತ್ತವರು, ಅಧ್ಯಾಪಕರು, ಸಹಪಾಠಿಗಳು ಸೇರಿದ ನಾವೆಲ್ಲರೂ.